ಊರು ಒಗ್ಗುವ ಹೊತ್ತಿಗೆ

ಮದುವೆಯಾದಾಗಿನಿಂದ ವೇದವತಿ ಬೈಯುತ್ತ ಬಂದದ್ದು ಬ್ಯಾಂಕನ್ನು, ಗಂಡನನ್ನಲ್ಲ. ಗಂಡ ಹನುಮಂತ ಪಾಪದ ಮನುಷ್ಯ, ಬ್ಯಾಂಕು ಎತ್ತಿ ಒಗೆದ ಕಡೆ ಹೋಗಿ ಬೀಳುವವನು ಎಂದೇ ಅವಳು ನಂಬಿದ್ದಳು. ಹೆಡ್ ಆಫೀಸಿನಲ್ಲಿ ಯಾವನೋ ಒಬ್ಬ ಕೂತಿದ್ದಾನೆ, ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಒಂದು ತುಳಸಿ ಗಿಡ ನೆಟ್ಟು ಗೊತ್ತಿಲ್ಲ. ಬೇಸಿಗೆ ಬಂತೆಂದರೆ ಭೂಪಟ ಹಾಸಿಕೊಂಡು, 'ಹನುಮಂತನ ಹೆಂಡತಿಗೆ ಊರು ಒಗ್ಗಿತೇನು? ಹಾಗಾದರೆ ಎಬ್ಬಿಸಿ ಅವಳನ್ನು' ಎನ್ನುತ್ತಾನೆ. ಹೀಗೊಬ್ಬನನ್ನು ಅವಳು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದಳು. ಅವಳು ಹಾಕಿದ ಶಾಪದಲ್ಲಿ ಕಾಲು ಭಾಗ ತಟ್ಟಿದ್ದರೂ ಆ ಮನುಷ್ಯ ನೀರು ಕೇಳದೆ ಸಾಯಬೇಕಿತ್ತು.

ಅವಳು ಗದಗಿನ ಹುಡುಗಿ. ಅನಂತಪುರಕ್ಕೆ ಬಂದಾಗ ತೆಲುಗಿನ ಒಂದಕ್ಷರ ಬಾರದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಲ್ಲಿಯ ಮುಂದಿನ ಕೊಡಗಳ ಸಾಲಿನಲ್ಲಿ ನಿಂತು ನಿಂತೇ ತೆಲುಗು ಕಲಿತಳು. ಮೊದಲು ಜಗಳಕ್ಕೆ ಬೇಕಾದಷ್ಟು, ಆಮೇಲೆ ನಗುವುದಕ್ಕೆ ಬೇಕಾದಷ್ಟು. ಅಲ್ಲಿ ನಾಲ್ಕು ಮನೆಯವರು ಅವಳನ್ನು ಹೆಸರು ಹಿಡಿದು ಕರೆಯುವ ಹೊತ್ತಿಗೆ ನಂದ್ಯಾಲ. ನಂದ್ಯಾಲದಲ್ಲಿ ಹೊಲಿಗೆ ಕ್ಲಾಸು ಶುರು ಮಾಡಿ, ಹುಡುಗಿಯರು ಬಂದು ಸೇರಿ, ಮನೆ ಗಲಗಲ ಎನ್ನುವ ಹೊತ್ತಿಗೆ ವಿಜಯವಾಡ. ಆಮೇಲೆ ಏಲೂರು. ಕೊನೆಗೆ ವಿಶಾಖಪಟ್ಟಣ.

ಸುದ್ದಿ ಬರುತ್ತಿದ್ದ ರೀತಿ ಮಾತ್ರ ಎಲ್ಲ ಊರಿನಲ್ಲೂ ಒಂದೇ. ಹನುಮಂತ ಸಂಜೆ ಬಂದು ಬೂಟು ಬಿಚ್ಚುತ್ತಿದ್ದ, ಒಂದು ತಂಬಿಗೆ ನೀರು ಕುಡಿಯುತ್ತಿದ್ದ, ಗೋಡೆ ನೋಡುತ್ತ "ವೇದಾ, ಆರ್ಡರ್ ಬಂತು" ಎನ್ನುತ್ತಿದ್ದ. ಅವಳು ಅಡುಗೆಮನೆಗೆ ಹೋಗಿ ಅಳುತ್ತಿದ್ದಳು. ಅವನು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ, ಅವನ ಕಣ್ಣಿನಲ್ಲೂ ನೀರು. ಅದನ್ನು ನೋಡಿ ಇವಳಿಗೇ ಅಯ್ಯೋ ಅನ್ನಿಸಿ, "ಹೋಗ್ಲಿ ಬಿಡ್ರಿ, ನೀವರೆ ಏನ ಮಾಡ್ತೀರಿ" ಎಂದು ತಾನೇ ಅವನಿಗೆ ಸಮಾಧಾನ ಹೇಳುತ್ತಿದ್ದಳು. ಹೊಸ ಊರಿಗೆ ಹೋದ ಮೇಲೆ ಒಂದಷ್ಟು ತಿಂಗಳು ಹನುಮಂತ ಬಂಗಾರದಂಥ ಗಂಡನಾಗಿರುತ್ತಿದ್ದ. ಸಂತೆಗೆ ಜೊತೆಗೆ ಬರುವುದೇನು, ಚೀಲ ಹೊರುವುದೇನು, ಮೊದಲ ಆಟದ ಸಿನಿಮಾಕ್ಕೆ ಕರೆದೊಯ್ಯುವುದೇನು. ತನ್ನ ನೋವಿಗೆ ಮುಲಾಮು ಹಚ್ಚುತ್ತಿದ್ದಾನೆ ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಪೂರ್ತಿ ತಪ್ಪು ಅರ್ಥ, ಆದರೆ ಅದು ಆಗ ಗೊತ್ತಾಗುವ ಹಾಗಿರಲಿಲ್ಲ.

ಎಲ್ಲ ಊರುಗಳಿಗಿಂತ ಹೆಚ್ಚು ಸಂಕಟ ಕೊಟ್ಟದ್ದು ವಿಜಯವಾಡ. ಪಟಮಟದಲ್ಲಿ ಲಕ್ಷ್ಮೀಕಾಂತಮ್ಮನವರ ಮನೆಯ ಮಹಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಸಿಕ್ಕಿದ್ದವು. ಕೆಳಗೆ ಲಕ್ಷ್ಮೀಕಾಂತಮ್ಮ ಮತ್ತು ಅವರ ಮಗಳು ಹೈಮಾವತಿ. ಲಕ್ಷ್ಮೀಕಾಂತಮ್ಮ ಗಂಡ ಸತ್ತ ಹೆಂಗಸು, ಬಾಯಿ ಜೋರು, ಕೈ ಧಾರಾಳ. ವೇದವತಿ ಅವರನ್ನು ಪಿನ್ನಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. ಅವರು ಇವಳನ್ನು ಮಗಳನ್ನು ಕರೆಯುವಂತೆ ಅಮ್ಮಾಯಿ ಎನ್ನುತ್ತಿದ್ದರು. ಹೈಮಾವತಿ ಪಾಠ ಹೇಳುತ್ತಿದ್ದ ಶಾಲೆಯಲ್ಲೇ ಇವಳಿಗೂ ಹಿಂದಿ ಟೀಚರ್ ಕೆಲಸ ಸಿಕ್ಕಿತು. ಮಗಳು ಅಮೂಲ್ಯ ಶಾಲೆಯಿಂದ ಬಂದರೆ ಮೇಲೆ ಹತ್ತುತ್ತಲೇ ಇರಲಿಲ್ಲ, ಕೆಳಗೇ ಊಟ, ಕೆಳಗೇ ನಿದ್ದೆ.

ಬೇಸಿಗೆಯಲ್ಲಿ ಆವಕಾಯ ಹಾಕುವ ದಿನ ಆ ಮನೆಯಲ್ಲಿ ಮದುವೆ ಮನೆಯ ಗದ್ದಲ. ಮಾವಿನಕಾಯಿ ಹೋಳು ಮಾಡುವವರು ಯಾರಾದರೂ ಆಗಬಹುದು, ಹೋಳುಗಳನ್ನು ಬಟ್ಟೆಯಲ್ಲಿ ಒರೆಸುವವರೂ ಯಾರಾದರೂ ಆಗಬಹುದು. ಆದರೆ ಖಾರ, ಉಪ್ಪು, ಸಾಸಿವೆಪುಡಿ, ಎಣ್ಣೆ ಹಾಕಿ ಕಲೆಸುವ ಕೈ ಮನೆಯವರದೇ ಆಗಬೇಕು. ಹೊರಗಿನವರ ಕೈ ಬಿದ್ದರೆ ಉಪ್ಪಿನಕಾಯಿ ವರ್ಷ ತಡೆಯುವುದಿಲ್ಲ ಎಂಬುದು ಲಕ್ಷ್ಮೀಕಾಂತಮ್ಮನವರ ಶಾಸ್ತ್ರ. ಅಕ್ಕಪಕ್ಕದವರು ಬಂದು ಎಷ್ಟೇ ಸಹಾಯ ಮಾಡಲಿ, ಕಲೆಸುವ ಹೊತ್ತಿಗೆ ಅವರನ್ನು ನಯವಾಗಿ ದೂರ ಕೂರಿಸುತ್ತಿದ್ದರು. ಮೂರನೆಯ ಬೇಸಿಗೆಯಲ್ಲಿ ಅವರು ಆ ದೊಡ್ಡ ಬೋಗುಣಿಯನ್ನು ವೇದವತಿಯ ಮುಂದೆ ತಳ್ಳಿ, "ಈ ಸಲ ನೀನೇ ಕಲೆಸು ಅಮ್ಮಾಯಿ, ನನ್ನ ತೋಳು ನೋಯುತ್ತದೆ" ಎಂದರು. ತೋಳು ಎಷ್ಟು ನೋಯುತ್ತಿತ್ತೋ ದೇವರಿಗೇ ಗೊತ್ತು. ವೇದವತಿ ಮೊಣಕೈವರೆಗೂ ಕೈ ಇಳಿಸಿ ಕಲೆಸಿದಳು. ಇನ್ನು ಈ ಊರು ತನ್ನದು ಎಂದು ಅವಳು ಆ ದಿನ ಅಂದುಕೊಂಡಳು.

ಆವಕಾಯವನ್ನು ಮೂರನೆಯ ದಿನ ಮತ್ತೆ ಬಿಚ್ಚಿ ಕಲೆಸಬೇಕು, ಮೊದಲು ಕಲೆಸಿದ ಕೈಯೇ ಕಲೆಸಬೇಕು. ಆ ಮೂರನೆಯ ದಿನ ಬರುವ ಮೊದಲೇ ಹನುಮಂತ ನೀರು ಕುಡಿದು ಗೋಡೆ ನೋಡಿದ. ಏಲೂರು. "ಏಲೂರು ಒಂದ ತಾಸಿನ ದಾರಿ ಐತ್ರಿ, ದಿನಾ ರೈಲಿನಾಗ ಹೋಗಿ ಬರ್ರಿ, ಮನಿ ಬಿಡೂದು ಬ್ಯಾಡ" ಎಂದು ಅವಳು ಅಂಗಲಾಚಿದಳು. ಅವನು ಸೊಂಟ ಹಿಡಿದುಕೊಂಡು, ದಿನಾ ರೈಲು ಹತ್ತಿದರೆ ತಾನು ಉಳಿಯುವುದಿಲ್ಲ ಎಂದ. ಸೊಂಟಕ್ಕೆ ಎದುರಾಗಿ ಯಾವ ಹೆಂಡತಿ ವಾದ ಮಾಡುತ್ತಾಳೆ?

ಮೂರನೆಯ ದಿನ ಲಕ್ಷ್ಮೀಕಾಂತಮ್ಮ ಅವಳನ್ನು ಕರೆಯಲಿಲ್ಲ. ತಾವೇ ಜಾಡಿ ಬಿಚ್ಚಿ ಕಲೆಸಿ ಮುಚ್ಚಿದರು. ಅಗಲುವ ದುಃಖಕ್ಕೆ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡಳು ವೇದವತಿ. ಸಾಮಾನಿನ ಲಾರಿ ಹೊರಡುವಾಗ ಅವಳು ಬೀದಿಯಲ್ಲೇ ಹೋ ಎಂದು ಅತ್ತಳು, ಅವರ ಕಣ್ಣಲ್ಲಿ ಒಂದು ಹನಿ ಇಲ್ಲ. ಏಲೂರಿನಿಂದ ಎಷ್ಟೋ ಸಲ ಫೋನ್ ಮಾಡಿದಳು. "ಆಂ, ಬಾಗುನ್ನಾಂ" ಎಂದು, ಅಂದರೆ ಚೆನ್ನಾಗಿದ್ದೇವೆ ಎಂದಷ್ಟೇ ಹೇಳಿ, ಇಡುತ್ತಿದ್ದರು. ಬಾಡಿಗೆಯವರು ಬರುತ್ತಾರೆ, ಹೋಗುತ್ತಾರೆ, ಅವರೆಲ್ಲರನ್ನೂ ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಅವಳೂ ಫೋನ್ ಮಾಡುವುದನ್ನು ಬಿಟ್ಟಳು. ಆ ಗಾಯದ ಮೇಲೆ ಚರ್ಮ ಬಂದಿತ್ತು, ಮಾಗಿರಲಿಲ್ಲ.

ವಿಶಾಖಪಟ್ಟಣಕ್ಕೆ ಬಂದಾಗ ಹನುಮಂತನ ಸರ್ವೀಸಿನ ಕೊನೆಯ ವರ್ಷಗಳು. ಎಂವಿಪಿ ಕಾಲೋನಿಯಲ್ಲಿ ಮನೆ. ಇದು ಕಡೆಯದು, ಇಲ್ಲಿಂದ ನನ್ನನ್ನು ಯಾವ ಹೆಡ್ ಆಫೀಸೂ ಎಬ್ಬಿಸಲಾರದು ಎಂದು ವೇದವತಿ ಧೈರ್ಯವಾಗಿ ಬೇರು ಬಿಟ್ಟಳು. ಎದುರು ಮನೆಯ ದುರ್ಗಾಂಬ ಬೆಳಗಿನ ವಾಕಿಂಗಿಗೆ ಜೊತೆಯಾದಳು. ರೈತು ಬಜಾರಿನ ಸೊಪ್ಪಿನವಳು ಇವಳಿಗೆಂದು ಮೆಂತ್ಯದ ಕಟ್ಟು ತೆಗೆದಿಡತೊಡಗಿದಳು. "ರಿಟೈರ್ ಆದ ಮ್ಯಾಲೂ ಇಲ್ಲೇ ಇರೂಣ್ರಿ, ಬಾಡಿಗಿ ಮನಿ ಆದ್ರೂ ಅಡ್ಡಿ ಇಲ್ಲ" ಎಂದಾಗ ಹನುಮಂತ ತಲೆಯಾಡಿಸಿದ್ದ. ತಲೆಯಾಡಿಸುವುದಕ್ಕೆ ಅವನು ಎಂದೂ ಹಿಂದೆಮುಂದೆ ನೋಡಿದವನಲ್ಲ.

ರಿಟೈರ್ ಆಗುವ ಮುಂಚಿನ ಒಂದು ಭಾನುವಾರ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಮಧುರವಾಡಕ್ಕೆ ಕರೆದೊಯ್ದ. ಊರಾಚೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟು, ಒಂಬತ್ತನೆಯ ಮಹಡಿ, ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಅಕ್ಕಪಕ್ಕದ ಬಾಗಿಲುಗಳಿಗೆಲ್ಲ ಬೀಗ. ಅಲ್ಲಿನವರೆಲ್ಲ ಹಗಲು ಐಟಿ ಆಫೀಸಿಗೆ ಹೋಗುವ ಹುಡುಗರು. ಹನುಮಂತ ಬೀಗದ ಕೈ ಅವಳ ಅಂಗೈಯಲ್ಲಿಟ್ಟ.

"ಸರ್‌ಪ್ರೈಸ್! ನಮ್ಮ ಸ್ವಂತ ಮನಿ. ಯಾರ ಗದ್ದಲ ಇಲ್ಲ ನೋಡು, ನೀ ಮತ್ತ ನಾ."

ಸ್ವಂತ ಮನೆ ಕೊಟ್ಟ ಗಂಡನ ಎದುರು ಮುಖ ಗಂಟಿಕ್ಕುವುದು ಹೇಗೆ? ಅವಳು ನಕ್ಕಳು. ಮನೆಗೆ ಬಂದು ದುರ್ಗಾಂಬಳಿಗೆ ಸುದ್ದಿ ಹೇಳುವಾಗ ಮಾತ್ರ ಆ ನಗು ಬರಲಿಲ್ಲ. ಇರಲಿ, ಬ್ಯಾಂಕಿನ ಕಾಟವಾದರೂ ಮುಗಿಯಿತಲ್ಲ ಎಂದುಕೊಂಡಳು.

ಬೀಳ್ಕೊಡುಗೆಯ ದಿನ ಬಂತು. ಬ್ಯಾಂಕಿನವರ ಬೀಳ್ಕೊಡುಗೆಗಳಲ್ಲಿ ಹೆಂಡತಿಯನ್ನೂ ವೇದಿಕೆಯ ಮೇಲೆ ಕೂರಿಸಿ, ಗಂಡನಿಗೆ ಶಾಲು ಹೊದಿಸುವಾಗ ಅವಳಿಗೂ ಒಂದು ಸೀರೆ ಕೊಟ್ಟು ಹಾರ ಹಾಕುವುದು ರೂಢಿ. ವೇದವತಿ ಹಾರ ಹಾಕಿಸಿಕೊಂಡು, ಮಡಿಲಲ್ಲಿ ಸೀರೆ ಇಟ್ಟುಕೊಂಡು, ಎಲ್ಲರಿಗೂ ಕಾಣುವ ಹಾಗೆ ಕೂತಿದ್ದಳು. ಒಬ್ಬೊಬ್ಬರೇ ಎದ್ದು ಹೊಗಳಿದರು. ಕೊನೆಗೆ ಮೈಕು ಹಿಡಿದವರು ಅಧಿಕಾರಿಗಳ ಸಂಘದ ರಾಮಮೋಹನ್. ಇಡೀ ರಾಜ್ಯದ ವರ್ಗಾವಣೆಗಳೆಲ್ಲ ಅವರ ಕೈಮೇಲೆ ಹಾದು ಹೋಗಿದ್ದವು. ನಗಿಸುವ ಮನುಷ್ಯ, ತೆಲುಗಿನಲ್ಲಿ ಮಾತು ಅರಳು ಹುರಿದಂತೆ ಬರುತ್ತಿತ್ತು.

"ನನ್ನ ಹತ್ತಿರ ಬರುವವರದೆಲ್ಲ ಒಂದೇ ರಾಗ," ಎಂದರು ರಾಮಮೋಹನ್. "ಅತ್ತೆಗೆ ಕಾಯಿಲೆ, ಮಗನಿಗೆ ಪರೀಕ್ಷೆ, ಟ್ರಾನ್ಸ್‌ಫರ್ ನಿಲ್ಲಿಸಿ ಸಾರ್! ಇಷ್ಟು ವರ್ಷದಲ್ಲಿ ಟ್ರಾನ್ಸ್‌ಫರ್ ಮಾಡಿಸಿ ಎಂದು ಬಂದವರು ನಮ್ಮ ಹನುಮಂತಗಾರು ಒಬ್ಬರೇ. ಬ್ಯಾಂಕು ಇವರನ್ನು ತಾನಾಗಿ ಒಂದು ಸಲವೂ ಎತ್ತಿಲ್ಲ. ಅನಂತಪುರದಿಂದ ಹಿಡಿದು ಪ್ರತಿಯೊಂದು ಊರೂ ಇವರೇ ಕೇಳಿ ಪಡೆದದ್ದು. ವಿಜಯವಾಡದಲ್ಲಿ ಇನ್ನೂ ಎರಡು ವರ್ಷ ಇರಿ ಎಂದು ಜೋನಲ್ ಮ್ಯಾನೇಜರೇ ಹೇಳಿದರೆ, ಇವರು ನನ್ನ ಮನೆಗೇ ಬಂದು ಕೂತುಬಿಟ್ಟರು, ಏಲೂರಾದರೂ ಕೊಡಿಸಿ ಅಂತ! ಇಂಥ ಸೇವಾಮನೋಭಾವ ಎಲ್ಲಿ ಸಿಗುತ್ತದೆ? ಇವರ ಹಿಂದೆ ಬೇಸರವಿಲ್ಲದೆ ಊರೂರು ತಿರುಗಿದ ಮೇಡಂಗಾರಿಗೂ ಒಂದು ದೊಡ್ಡ ಚಪ್ಪಾಳೆ!"

ಚಪ್ಪಾಳೆ ಬಿತ್ತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಹಾಗಾಗಿ ಅವಳು ಕೈಮುಗಿದಳು, ನಕ್ಕಳು ಕೂಡ. ಆಮೇಲೆ ಪಕ್ಕಕ್ಕೆ ತಿರುಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹನುಮಂತ ಹೆಗಲ ಮೇಲಿನ ಶಾಲನ್ನು ಸರಿಮಾಡಿಕೊಂಡ. ಅವಳ ಕಡೆ ನೋಡಲಿಲ್ಲ. ಅಷ್ಟು ಸಾಕಾಯಿತು.

ಮರುದಿನ ಬೆಳಿಗ್ಗೆ ಆಫೀಸಿಲ್ಲದಿದ್ದರೂ ಅವನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದ. ಅವಳು ಚಹಾ ಕೊಟ್ಟು ಎದುರಿಗೆ ಕೂತಳು.

"ರಾಮಮೋಹನ್ ಹೇಳಿದ್ದು ಖರೆ ಏನ್ರಿ?"

"ಅಂವಾ ಭಾಷಣದಾಗ ಒಂದಕ್ಕ ಎರಡ ಹೇಳ್ತಾನ. ನೀ ಮನಸಿಗೆ ಹಚ್ಕೋಬ್ಯಾಡ."

"ಖರೆ ಏನು, ಸುಳ್ಳೇನು? ಅಷ್ಟ ಹೇಳ್ರಿ."

"ಪ್ರಮೋಷನ್ನಿಗೆ ಬೇಕಾಗಿತ್ತು ವೇದಾ. ಒಂದಽ ಕಡೆ ಕುಂತವರನ್ನ ಯಾರು ಮ್ಯಾಲ ಹತ್ತಸ್ತಾರ?"

"ಏಲೂರಿಗೆ ಹೋಗಿ ಯಾವ ಪ್ರಮೋಷನ್ ಬಂತು?"

ಯಾವುದೂ ಬಂದಿರಲಿಲ್ಲ. ಹನುಮಂತ ಚಹಾ ಮುಗಿಸಿದ, ಖಾಲಿ ಕಪ್ಪನ್ನು ಮತ್ತೊಮ್ಮೆ ತುಟಿಗೆ ಹಚ್ಚಿದ, ಕೆಳಗಿಟ್ಟ. ಅವನು ಸುಳ್ಳು ಹೇಳುವುದರಲ್ಲಿ ಅಂಥ ಜಾಣನೇನೂ ಅಲ್ಲ. ಇಷ್ಟು ವರ್ಷ ಅವನಿಗೆ ಜಾಣತನ ಬೇಕಾಗಿರಲೇ ಇಲ್ಲ, ಅವಳ ನಂಬಿಕೆಯೇ ಸಾಕಾಗಿತ್ತು.

"ನೀ ಸಿಟ್ಟ ಆಗಬಾರದು," ಎಂದು ಶುರು ಮಾಡಿದ. "ಪಟಮಟದಾಗ ನಾ ಸಂಜಿಕ ಮನಿಗೆ ಬರತಿದ್ದೆ. ಕೆಳಗ ಅವರ ಜೋಡಿ ನೀ ನಗತಿದ್ದಿ. ನನ್ನ ಬೂಟಿನ ಸಪ್ಪಳ ಕೇಳಿದ ಕೂಡ್ಲೆ ನಗೂದು ನಿಲ್ತಿತ್ತು. ಮ್ಯಾಲ ಬಂದು ಚಾ ಕೊಡತಿದ್ದಿ, ಮನಸ ಕೆಳಗಽ ಇರತಿತ್ತು. ಅಮೂಲ್ಯಾನೂ ಕೆಳಗಽ. ನಾ ಆ ಎರಡ ಖೋಲಿ ಒಳಗ ಬಾಡಗಿ ಮನಶ್ಯಾನಂಗ ಕುಂತಿರತಿದ್ದೆ. ನಂದ್ಯಾಲದಾಗೂ ಹಂಗಽ ಆತು, ಮನಿ ತುಂಬ ಹುಡುಗ್ಯಾರು. ಹೊಸಾ ಊರಾಗ ಹಂಗ ಇರತಿದ್ದಿಲ್ಲ. ಹೊಸಾ ಊರಾಗ ನಿನಗ ನಾ ಒಬ್ಬಾಂವನಽ ಇರತಿದ್ದೆ. ನಾ ಬರೂ ಹೊತ್ತಿಗೆ ಬಾಗಲದಾಗ ನಿಂತಿರತಿದ್ದಿ."

ಹನುಮಂತ ಬೆಳೆದದ್ದು ಸೋದರಮಾವನ ತುಂಬಿದ ಮನೆಯಲ್ಲಿ. ಊಟಕ್ಕೆ ಕೂತ ಸಾಲಿನಲ್ಲಿ ಒಬ್ಬ ಹುಡುಗ ಕಡಿಮೆಯಾದರೂ ಯಾರಿಗೂ ತಿಳಿಯುತ್ತಿರಲಿಲ್ಲವಂತೆ. ವೇದವತಿಗೆ ಅದು ಗೊತ್ತಿತ್ತು. ಬೇರೆ ದಿನವಾಗಿದ್ದರೆ ಅವಳ ಕರುಳು ಚುರ್ರ್ ಎನ್ನುತ್ತಿತ್ತು. ಈ ದಿನ ಎನ್ನಲಿಲ್ಲ.

"ಅಂದ್ರ, ನನಗ ಯಾರೂ ಇಲ್ದಂಗ ಆದ್ರ ನಿಮಗ ಮನಿ ಅನಸ್ತಿತ್ತು."

ಅವನು ಶರ್ಟಿನ ತೋಳಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ.

"ನಾ ಅಳೂ ಮುಂದ ನಿಮ್ಮ ಕಣ್ಣಾಗ ನೀರ ಬರತಿತ್ತಲ್ರಿ, ಅದೇನಿತ್ತು? ಅದೂ ನಾಟಕ?"

"ಇಲ್ಲ, ಅದು ಖರೇನಽ ಬರತಿತ್ತು," ಎಂದ ಹನುಮಂತ ತಲೆ ತಗ್ಗಿಸಿ. "ನೀ ಅತ್ರ ನನಗ ಸಂಕಟ ಆಗತಿತ್ತು."

ನಾಟಕ ಎಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅಳಿಸಿದವನೇ ಎದುರು ನಿಂತು ನಿಜವಾಗಿ ಅತ್ತ, ಅವನ ಕಣ್ಣನ್ನು ಇವಳ ಸೆರಗೇ ಒರೆಸಿತು. ಬೇಲಿಯೇ ಎದ್ದು ಹೊಲ ಮೇಯ್ದಾಗ ದೂರುವುದಾದರೂ ಯಾರಿಗೆ? ಮಧುರವಾಡದ ಒಂಬತ್ತನೆಯ ಮಹಡಿ, ಸುತ್ತಲಿನ ಬೀಗ ಹಾಕಿದ ಬಾಗಿಲುಗಳು, 'ನೀ ಮತ್ತ ನಾ' ಎಂಬ ಮಾತು, ಎಲ್ಲವೂ ಅವಳಿಗೆ ಈಗ ತಿಳಿಯಿತು. ಬ್ಯಾಂಕು ಮುಗಿದಿದ್ದರೂ ವರ್ಗಾವಣೆ ಮುಗಿದಿರಲಿಲ್ಲ.

ಹೈದರಾಬಾದಿನಲ್ಲಿದ್ದ ಅಮೂಲ್ಯಳಿಗೆ ಫೋನ್ ಮಾಡಿ ಹೇಳಿದಳು. ಮಗಳ ಕನ್ನಡ ಎಂದೋ ಅರ್ಧ ತೆಲುಗಾಗಿತ್ತು. "ಎಷ್ಟು ಸ್ಕೂಲ್ ಬದಲಾಯಿಸಿದೆನಮ್ಮಾ ನಾನು," ಎಂದಳು ಅವಳು. "ಹತ್ತನೇ ಕ್ಲಾಸಿನ ವರೆಗೂ ಒಬ್ಬ ಫ್ರೆಂಡ್ ಉಳೀಲಿಲ್ಲ. ಅಪ್ಪನ ತಪ್ಪಲ್ಲ, ಬ್ಯಾಂಕ್ ತಪ್ಪು ಅಂತ ನೀನೇ ಹೇಳ್ತಿದ್ದೆ ಕದಾ."  ಹನುಮಂತನ ಸುಳ್ಳನ್ನು ಮಗಳಿಗೆ ಉಣಿಸಿದವಳು ವೇದವತಿಯೇ.

ಮಧುರವಾಡಕ್ಕೆ ಸಾಮಾನು ಸಾಗಿಸುವ ವಾರವೇ ಅವಳು ಒಂದು ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಮಧ್ಯಾಹ್ನದ ರತ್ನಾಚಲ್ ರೈಲು ಹತ್ತಿದಳು. ಮನೆಯಿಂದ ಹೊರಡುವಾಗ ಎಲ್ಲಿಗೆ ಎಂದು ಹನುಮಂತ ಕೇಳಿದ. "ವಿಜಯವಾಡಕ್ಕ" ಎಂದಳು. ಎಂದು ಬರುತ್ತೀ ಎಂದು ಕೇಳಿದ. ಅದು ಅವಳಿಗೂ ಗೊತ್ತಿರಲಿಲ್ಲ. ಲಕ್ಷ್ಮೀಕಾಂತಮ್ಮ ಮರೆತಿದ್ದರೂ ಆಗಲಿ, ಒಂದು ರಾತ್ರಿ ಆ ಮಹಡಿಯ ಕೆಳಗೆ ಮಲಗಿ ಎದ್ದರೆ ತಲೆ ನೆಟ್ಟಗಾದೀತು ಎಂಬ ಆಸೆಯಷ್ಟೇ ಇತ್ತು.

ಪಟಮಟದಲ್ಲಿ ಬಸ್ಸಿಳಿದು ಬೀದಿ ಹಿಡಿದು ಹೋದರೆ ಮನೆಯೇ ಇರಲಿಲ್ಲ. ಅದರ ಜಾಗದಲ್ಲಿ ಐದು ಮಹಡಿಯ ಅಪಾರ್ಟ್‌ಮೆಂಟು. ಗೇಟಿನ ಕಾವಲುಗಾರ ಬಾಬ್ಜಿಯನ್ನು ಕೇಳಿದರೆ, ಅಮ್ಮಗಾರು ಎರಡನೆಯ ಮಹಡಿಯಲ್ಲೇ ಇದ್ದಾರೆ, ಜಾಗ ಕೊಟ್ಟಿದ್ದಕ್ಕೆ ಅವರಿಗೆ ಎರಡು ಫ್ಲ್ಯಾಟು ಬಂದಿವೆ ಎಂದ. ಬಾಗಿಲು ತೆಗೆದವಳು ಹೈಮಾವತಿ, ತಲೆ ನೆರೆತಿತ್ತು. ಒಳಗೆ ಕುರ್ಚಿಯಲ್ಲಿ ಲಕ್ಷ್ಮೀಕಾಂತಮ್ಮ, ಅರ್ಧಕ್ಕರ್ಧ ಇಳಿದುಹೋಗಿದ್ದರು. ಆದರೆ ಗುರುತು ಹಿಡಿಯಲು ಒಂದು ಕ್ಷಣ ಕೂಡ ಬೇಕಾಗಲಿಲ್ಲ.

"ಇಷ್ಟವಿಲ್ಲದ ಮನೆಗೆ ಮತ್ತೆ ಯಾಕೆ ಬಂದೆ?" ಎಂದರು ತೆಲುಗಿನಲ್ಲಿ.

ವೇದವತಿಗೆ ತಲೆಬುಡ ತಿಳಿಯಲಿಲ್ಲ. ಬ್ಯಾಗು ಇನ್ನೂ ಕೈಯಲ್ಲೇ ಇತ್ತು. "ಏನು ಪಿನ್ನಿ ಹಾಗೆಂದರೆ?"

"ನಾನು ಸುಮ್ಮನಿದ್ದೆನೇ? ಏಲೂರಿನ ಆರ್ಡರ್ ಎಂದ ದಿನವೇ ನನ್ನ ಮೈದುನನನ್ನು ಹಿಡಿದೆ. ಅವನಿಗೆ ನಿಮ್ಮ ಬ್ಯಾಂಕಿನ ದೊಡ್ಡವರೆಲ್ಲ ಗೊತ್ತು, ಒಂದು ಮಾತು ಹೇಳಿದರೆ ನಿಂತುಹೋಗುತ್ತಿತ್ತು. ನಿನ್ನ ಗಂಡ ಕೆಳಗಿಳಿದು ಬಂದು ಕೈಮುಗಿದ. ಬೇಡ ಅಮ್ಮಗಾರೂ, ಹೋಗಬೇಕೆಂದು ಹಟ ಹಿಡಿದಿರುವವಳು ವೇದವತಿಯೇ, ನಿಮ್ಮ ಉಪಚಾರ ಅವಳಿಗೆ ಉಸಿರು ಕಟ್ಟಿಸುತ್ತಿದೆ, ನಿಮಗೆ ಹೇಳಲು ಅವಳಿಗೆ ಬಾಯಿ ಬರುತ್ತಿಲ್ಲ, ನೀವೂ ಕೇಳಬೇಡಿ ಎಂದ. ನಾನು ಕೇಳಲಿಲ್ಲ. ಒಲ್ಲದ ಕೈಯನ್ನು ಮೂರನೆಯ ದಿನ ಯಾಕೆ ಕರೆಯಲಿ? ಲಾರಿಯ ಹತ್ತಿರ ನೀನು ಅತ್ತೆಯಲ್ಲ, ಅಬ್ಬಾ, ಎಂಥ ನಟನೆ ಎಂದುಕೊಂಡೆ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹನುಮಂತ ಎಷ್ಟು ನಾಜೂಕಾಗಿ ಕೆಲಸ ಮಾಡಿದ್ದ! ಊರು ಬಿಡಿಸಿದ್ದನ್ನು ವೇದವತಿ ಹೇಗೋ ನುಂಗಿಕೊಂಡಿದ್ದಳು. ಇದು ಅದಕ್ಕಿಂತ ಆಳಕ್ಕೆ ಹೋಯಿತು. ಅವಳನ್ನು ಮಗಳೆಂದುಕೊಂಡವರ ಮನಸ್ಸಿನಲ್ಲಿ ಅವಳನ್ನು ಕೃತಘ್ನಳನ್ನಾಗಿ ಮಾಡಿ ಇಟ್ಟು ಬಂದಿದ್ದ, ಇಷ್ಟು ವರ್ಷ ಅವಳು ಇಲ್ಲಿ ಹಾಗೆಯೇ ಬದುಕಿದ್ದಳು, ಅವಳಿಗೇ ತಿಳಿಯದಂತೆ. ಅವಳು ನೆಲದ ಮೇಲೆ ಕೂತುಬಿಟ್ಟಳು. "ನಾನು ಹೇಳಿಲ್ಲ ಪಿನ್ನಿ, ದೇವರಾಣೆ ನಾನು ಹಾಗೆ ಹೇಳಿಲ್ಲ" ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು.

ಲಕ್ಷ್ಮೀಕಾಂತಮ್ಮ ಅವಳ ಮುಖ ನೋಡಿದರು. ಆಮೇಲೆ ಮಗಳಿಗೆ, "ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕು" ಎಂದರು. ಅಷ್ಟೇ. ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಕಳೆದುಹೋದ ವರ್ಷಗಳನ್ನು ಒಂದು ಸಂಜೆಯಲ್ಲಿ ತಿರುಗಿ ತರಲು ಆ ವಯಸ್ಸಿನ ಹೆಂಗಸಿಗೆ ಶಕ್ತಿಯೂ ಇರಲಿಲ್ಲ. ಹಳೆಯ ಸಲಿಗೆ ಪೂರ್ತಿ ಮರಳಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಮಾತಿನ ನಡುವೆ ಅವರು ಥಟ್ಟನೆ ಸುಮ್ಮನಾಗುತ್ತಿದ್ದರು, ಇವಳು ನಿಜ ಹೇಳುತ್ತಿದ್ದಾಳೋ ಇಲ್ಲವೋ ಎಂದು ಅಳೆಯುವವರ ಹಾಗೆ.

ಆದರೂ ವೇದವತಿ ಅಲ್ಲೇ ಉಳಿದಳು. ಪಕ್ಕದ ಫ್ಲ್ಯಾಟಿನ ಬಾಡಿಗೆಯವರು ಖಾಲಿ ಮಾಡಿದಾಗ ಅದನ್ನು ತನ್ನ ಹೆಸರಿನಲ್ಲೇ ಬಾಡಿಗೆಗೆ ಕೇಳಿ ತೆಗೆದುಕೊಂಡಳು. ಹೈಮಾವತಿ ನಡೆಸುತ್ತಿದ್ದ 'ಟ್ಯೂಷನ್ ಸೆಂಟರ್'ನಲ್ಲಿ ಹಿಂದಿ ಹೇಳಿಕೊಡತೊಡಗಿದಳು. ದುರ್ಗಾಂಬ ಫೋನ್ ಮಾಡಿ ಬೈದಳು, ಅಮೂಲ್ಯ ಬಂದು ಎರಡು ದಿನ ಇದ್ದು ಹೋದಳು. ಹನುಮಂತ ದಿನಾ ಫೋನ್ ಮಾಡುತ್ತಿದ್ದ. ಉಪ್ಪು ಎಲ್ಲಿದೆ, ಗ್ಯಾಸ್ ಬುಕ್ ಮಾಡುವುದು ಹೇಗೆ, ಗೀಸರ್ ಯಾಕೆ ಉರಿಯುತ್ತಿಲ್ಲ. ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು.

ಒಂದು ಭಾನುವಾರ ಅವನೇ ಬಂದ. ಬಾಗಿಲಲ್ಲಿ ನಿಂತವನನ್ನು ನೋಡಿ ಹೈಮಾವತಿ ಎದ್ದು ತನ್ನ ಮನೆಗೆ ಹೋದಳು. ವೇದವತಿ ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಅವನು ಇಳಿದುಹೋಗಿದ್ದ, ಶರ್ಟಿಗೆ ಇಸ್ತ್ರಿ ಇರಲಿಲ್ಲ. ನೀರು ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಕೂತ.

"ಮಧುರವಾಡದಾಗ ಒಬ್ಬಾಂವಗ ಹೊತ್ತ ಹೋಗೂದಿಲ್ಲ ವೇದಾ. ಲಿಫ್ಟಿನಾಗ ಹುಡುಗೂರು ಕಿವಿಗೆ ವೈರ್ ಹಚ್ಕೊಂಡ ನಿಂತಿರತಾವು, ನಮಸ್ಕಾರ ಅಂದ್ರೂ ಕೇಳಸೂದಿಲ್ಲ," ಎಂದ. ಆಮೇಲೆ ಸ್ವಲ್ಪ ಉಮೇದಿನಿಂದ, "ಅದನ್ನ ಬಾಡಗಿಗೆ ಕೊಟ್ಟಬಿಡೂಣು. ನಾನೂ ಇಲ್ಲೇ ಬರ್ತೀನಿ. ನಿನಗ ಬೇಕಾಗಿದ್ದ ಊರಽ ಇದು. ಇನ್ನ ಮ್ಯಾಲ ಎಲ್ಲೂ ಹೋಗೂದು ಬ್ಯಾಡ."

ಈ ಮಾತನ್ನು ಕೇಳಲು ಅವಳು ಎಷ್ಟು ಬೇಸಿಗೆ ಕಾದಿದ್ದಳು! ಹನ್ನೆರಡು ವರ್ಷದ ಹಿಂದೆ ಹೇಳಿದ್ದರೆ ಅವನ ಕಾಲು ತೊಳೆದು ಕುಡಿಯುತ್ತಿದ್ದಳು. ಈಗ ಅದೇ ಮಾತು ಬಂದಾಗ ಅವಳಿಗೆ ಕಂಡದ್ದು ಒಂದೇ: ಇವನು ಇಲ್ಲಿದ್ದರೆ ನಾನು ಪಕ್ಕದ ಮನೆಯಲ್ಲಿ ನಕ್ಕು ಬಂದಾಗಲೆಲ್ಲ ಇವನ ಮುಖ ನೋಡಬೇಕು, ಇಂದು ಯಾರ ಹತ್ತಿರ ಏನು ಹೇಳಿ ಬಂದಿದ್ದಾನೋ ಎಂದು ಲೆಕ್ಕ ಹಾಕಬೇಕು. ಊರು ಒಗ್ಗಿದ ದಿನವೇ ಭಯ ಶುರುವಾಗುತ್ತದೆ.

"ನೀವು ಬರಬ್ಯಾಡ್ರಿ," ಎಂದಳು.

"ತಪ್ಪಾತು ಅಂದ್ನೆಲ್ಲ ನಾ?"

"ನೀವು ಅಂದಿಲ್ಲ. ಇರ್ಲಿ, ಈಗ ಅಂದ್ರಿ ಅಂತ ತಿಳಕೋತೀನಿ. ಪಿನ್ನಿಗೆ ನೀವು ಹೇಳಿದ್ದು ನನಗ ಗೊತ್ತಾಗೇತಿ. ನನ್ನ ಹೆಸರಿಲೆ ಹೇಳಿದ್ರಲ್ಲ, ಅದು. ಅವರ ಮುಂದ ಹೋಗಿ ನೀವಽ ಖರೆ ಹೇಳ್ರಿ, ಬಾಜೂ ಮನಿಯಾಗ ಅದಾರ."

ಹನುಮಂತ ಬಾಗಿಲ ಕಡೆ ನೋಡಿದ. ಎದ್ದೇಳುತ್ತಾನೆ ಎಂದು ವೇದವತಿ ಕಾದಳು, ನಿಜವಾಗಿ ಕಾದಳು. ಆ ಒಂದು ಬಾಗಿಲು ದಾಟಿದ್ದರೆ ಅವಳ ಮನಸ್ಸು ಏನಾಗುತ್ತಿತ್ತೋ ಅವಳಿಗೇ ಭರವಸೆಯಿರಲಿಲ್ಲ. ಅವನು ಲೋಟವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ವಯಸ್ಸಾದವರು. ಈಗ್ಯಾಕ ಅವರ ಮನಸ ನೋಯಸೂದು," ಎಂದ.

ಅಲ್ಲಿಗೆ ಮುಗಿಯಿತು. ಅವನಿಗೂ ತಿಳಿಯಿತೇನೋ, ಲೋಟ ಕೆಳಗಿಟ್ಟು ಎದ್ದ. ಚಪ್ಪಲಿ ಮೆಟ್ಟುತ್ತ, ಅವಳ ಕಡೆ ನೋಡದೆ ಕೇಳಿದ: "ಹಳೇ ಕಾಲೋನಿಯವರೆಲ್ಲಾ ಕೇಳ್ತಾರ, ಮೇಡಂ ಎಲ್ಲಿ ಅಂತ. ಗದಗಿನಿಂದ ನಿಮ್ಮ ಅಣ್ಣನೂ ಫೋನ್ ಮಾಡಿದ್ದ. ನಾ ಏನಂತ ಹೇಳ್ಲಿ?"

"ಟ್ರಾನ್ಸ್‌ಫರ್ ಆತು ಅನ್ರಿ."

ಅವನು ತಲೆಯೆತ್ತಿದ.

"ಯಾರೂ ಮಾಡಿದ್ದಲ್ಲ, ಅಕಿನಽ ಕೇಳಿ ಮಾಡಿಸ್ಕೊಂಡ್ಳು ಅಂತನೂ ಹೇಳ್ರಿ. ಈ ಸಲಾನರೆ ಖರೆ ಹೇಳ್ರಿ."

ಅವನು ಮೆಟ್ಟಿಲಿಳಿದು ಹೋದ. ಬಾಲ್ಕನಿಯಿಂದ ನೋಡಿದರೆ ಬೀದಿಯ ಕೊನೆಯಲ್ಲಿ ಬಸ್ ಸ್ಟಾಪಿನವರೆಗೂ ಕಾಣುತ್ತಿತ್ತು. ಹನುಮಂತ ಒಂದು ಬಸ್ಸಿಗೆ ಕೈ ಮಾಡಿದ, ಅದು ಸ್ಟೇಷನ್ನಿಗೆ ಹೋಗುವುದಲ್ಲ, ಕಂಡಕ್ಟರ್ ಏನೋ ಗದರಿ ಇಳಿಸಿದ. ಮುಂದಿನ ಬಸ್ಸಿಗೂ ಹಾಗೆಯೇ ಆಯಿತು. ಪಕ್ಕದಲ್ಲಿ ನಿಂತವರನ್ನು ಕೇಳಲು ಅವನಿಗೆ ಸಂಕೋಚ, ಅವನು ಯಾವ ಊರಿನಲ್ಲೂ ಯಾರನ್ನೂ ಏನನ್ನೂ ಕೇಳಿದವನಲ್ಲ. ಯಾವ ಬಸ್ಸು ಹತ್ತಬೇಕೆಂದು ವೇದವತಿಗೆ ಗೊತ್ತಿತ್ತು. ಕೂಗಿ ಹೇಳಲು ಅವಳ ಬಾಯಿ ತೆರೆಯಿತು, ಕಂಬಿ ಹಿಡಿದ ಕೈ ಮೇಲೆದ್ದಿತು ಕೂಡ. ಕೂಗಲಿಲ್ಲ. ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಆ ಅಳುವಿನಲ್ಲಿ ಅರ್ಧ ಅವನಿಗಾಗಿಯೂ ಇತ್ತು. ಎಲ್ಲಕ್ಕಿಂತ ಹೆಚ್ಚು ಅವಳಿಗೆ ಸಿಟ್ಟು ತರಿಸಿದ್ದು ಅದೇ.